ಮೂರು ತಿಂಗಳ ತರಬೇತಿ, ಆಮೇಲೇನು? ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬರುವ ಹೊರರಾಜ್ಯದ ಹೆಣ್ಣುಮಕ್ಕಳ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಭಾನುವಾರ ಮಧ್ಯಾಹ್ನ ತುಮಕೂರು ರಸ್ತೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಮೂವರು ಕೂತಿದ್ದರು. ಒಬ್ಬಾಕೆ ಸಿರಾ ಕಡೆಯವಳು, ಮಿಕ್ಕ ಇಬ್ಬರು ಒಡಿಶಾದ ಹುಡುಗಿಯರು. ಮೂವರದೂ ಒಂದೇ ಕಾರ್ಖಾನೆ, ಒಂದೇ ಲೈನು. ಕಂಡಕ್ಟರ್ ಬಂದಾಗ ಸಿರಾದವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದಳು. ಹುಡುಗಿಯರೂ ಆಧಾರ್ ತೆಗೆದರು. ವಿಳಾಸ ನೋಡಿದ ಕಂಡಕ್ಟರ್ "ಇದು ನಡೆಯಲ್ಲಮ್ಮ, ದುಡ್ಡು ಕೊಡಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮಾತ್ರ. ಹುಡುಗಿಯರು ಮಾತಾಡದೆ ಪರ್ಸಿನಿಂದ ಚಿಲ್ಲರೆ ಎಣಿಸಿ ಕೊಟ್ಟರು.

ವಲಸೆ ಬಂದ ಹೆಣ್ಣುಮಕ್ಕಳಿಗೆ ತರಬೇತಿ, ಉದ್ಯೋಗ ಕೊಡುವ ಬಗ್ಗೆ ವರದಿಗಳನ್ನು ಓದುವಾಗಲೆಲ್ಲ ನನಗೆ ಈ ದೃಶ್ಯ ನೆನಪಾಗುತ್ತದೆ. ತರಬೇತಿ ಸಿಕ್ಕಿದೆ, ಉದ್ಯೋಗ ಸಿಕ್ಕಿದೆ, ಸಂಬಳ ಬ್ಯಾಂಕಿಗೆ ಬೀಳುತ್ತಿದೆ. ಸರ್ಕಾರದ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ 'ಉದ್ಯೋಗ ದೊರಕಿದೆ' ಎಂದು ಬರೆದಾಗಿದೆ. ಈ ಟಿಪ್ಪಣಿ ಕೇಳುವ ಪ್ರಶ್ನೆ ಆ ಬರಹದ ಆಚೆಗಿನದು. ಕೆಲಸಕ್ಕೆ ಸೇರಿದ ಹೆಣ್ಣುಮಗಳು ವರ್ಷದ ಮೇಲೆ ಎಲ್ಲಿರುತ್ತಾಳೆ? ಅಲ್ಲಿ ಉಳಿಯಲು, ಅಥವಾ ತನ್ನಿಚ್ಛೆಯಿಂದ ಬಿಟ್ಟು ಮೇಲಿನ ಕೆಲಸಕ್ಕೆ ಹೋಗಲು ಏನು ಬೇಕು?

ಬೆಂಗಳೂರಿನ ಸಿದ್ಧ ಉಡುಪು ಉದ್ಯಮದಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು. ಪೀಣ್ಯ, ಯಶವಂತಪುರ, ಬೊಮ್ಮನಹಳ್ಳಿ, ಹೊಸೂರು ರಸ್ತೆ, ಮೈಸೂರು ರಸ್ತೆಯ ಕಾರ್ಖಾನೆಗಳಿಗೆ ಮೊದಲ ತಲೆಮಾರಿನಲ್ಲಿ ಬಂದವರು ಮಂಡ್ಯ, ರಾಮನಗರ, ಕೋಲಾರ, ತುಮಕೂರು ಕಡೆಯವರು. ಅವರದೂ ವಲಸೆಯೇ. ಗಂಡ, ಮಕ್ಕಳು, ಅತ್ತೆಯ ಜೊತೆಗೆ ಬಂದು ಒಂದು ಕೋಣೆಯ ಬಾಡಿಗೆ ಮನೆ ಹಿಡಿದು, ಮದುವೆ, ಹೆರಿಗೆ, ಮಕ್ಕಳ ಶಾಲೆಯ ನಡುವೆ 'ಗಾರ್ಮೆಂಟ್ಸ್‌ಗೆ ಹೋದವರು'. ಕಾಲಕ್ರಮೇಣ ಕಾರ್ಖಾನೆಗಳು ಎರಡು ದಾರಿ ಹಿಡಿದವು. ಒಂದು, ಮದ್ದೂರು, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರದಂಥ ಕಡೆ ಹಳ್ಳಿಯ ಹೆಂಗಸರ ಹತ್ತಿರಕ್ಕೇ ಹೋಗುವುದು. ಇನ್ನೊಂದು, ಒಡಿಶಾ, ಜಾರ್ಖಂಡ್, ಬಿಹಾರ, ಅಸ್ಸಾಂಗಳಿಂದ ಮದುವೆಯಾಗದ ಹುಡುಗಿಯರನ್ನು ಕರೆತಂದು ಹಾಸ್ಟೆಲ್ಲಿನಲ್ಲಿ ಇರಿಸುವುದು.

ಎರಡನೇ ದಾರಿಗೆ ಸರ್ಕಾರದ ಕೌಶಲ ಯೋಜನೆಗಳು ಬಲ ಕೊಟ್ಟವು. ಅವುಗಳಲ್ಲಿ ಮುಖ್ಯವಾದುದು 2014ರ ಸೆಪ್ಟೆಂಬರ್ 25ರಂದು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಆರಂಭಿಸಿದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. ಹಳ್ಳಿಯ ಬಡ ಕುಟುಂಬಗಳ 15ರಿಂದ 35 ವರ್ಷದವರಿಗೆ ಇದು. ಹೆಣ್ಣುಮಕ್ಕಳಿಗೆ 45ರವರೆಗೂ ಅವಕಾಶವಿದೆ. ಫಲಾನುಭವಿಗಳಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು, ಅರ್ಧ ಭಾಗ ಪರಿಶಿಷ್ಟ ಜಾತಿ, ಪಂಗಡದವರು ಇರಬೇಕೆಂಬುದು ನಿಯಮ. ತರಬೇತಿ ಕೊಡುವ ಸಂಸ್ಥೆ ತನ್ನಲ್ಲಿ ಕಲಿತವರಲ್ಲಿ ನೂರಕ್ಕೆ 70 ಮಂದಿಗಾದರೂ ಕೆಲಸ ಕೊಡಿಸಬೇಕು. ಕೆಲಸಕ್ಕೆ ಸೇರಿ ಮೂರು ತಿಂಗಳು ಉಳಿದ ದಾಖಲೆ ತೋರಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ.

ಈ ಯೋಜನೆಯನ್ನು ಹಗುರವಾಗಿ ಕಾಣುವುದು ಅನ್ಯಾಯ. ಒಡಿಶಾದ ರಾಯಗಡ, ಕಂಧಮಾಲ್ ಜಿಲ್ಲೆಗಳ ಆದಿವಾಸಿ ಹಳ್ಳಿಯ ಹುಡುಗಿಗೆ ಸ್ವಂತ ಬ್ಯಾಂಕ್ ಖಾತೆ, ಪಿ.ಎಫ್., ಇ.ಎಸ್.ಐ. ಇರುವ ಕೆಲಸ ಇನ್ನಾವ ಬಾಗಿಲಿನಿಂದಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಹೆಣ್ಣಿನ ವಲಸೆ ಎಂದರೆ ಮದುವೆಯಾಗಿ ಹೋಗುವುದು ಎಂದೇ ನಮ್ಮ ಜನಗಣತಿ ಬಹುಕಾಲ ಬರೆದುಕೊಂಡಿದೆ. ಇಂದ್ರಾಣಿ ಮಜುಂದಾರ್, ಎನ್. ನೀತಾ, ಇಂದು ಅಗ್ನಿಹೋತ್ರಿ 2013ರಲ್ಲಿ ತೋರಿಸಿಕೊಟ್ಟಂತೆ, ವಲಸೆಗೆ ಒಂದೇ ಕಾರಣ ಬರೆಯಬೇಕೆಂಬ ಪದ್ಧತಿಯಿಂದಾಗಿ ದುಡಿಯಲು ಹೋದ ಹೆಂಗಸರು ಲೆಕ್ಕದಿಂದಲೇ ಮರೆಯಾಗುತ್ತಾರೆ. ದುಡಿಯಲೆಂದೇ ಹೊರಟ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಲೆಕ್ಕವಿಟ್ಟ ಯೋಜನೆ ಎಂಬ ಕಾರಣಕ್ಕಾದರೂ ಇದಕ್ಕೆ ಮಹತ್ವವಿದೆ.

ಆದರೆ ತರಬೇತಿಯಲ್ಲಿ ಏನಿದೆ ಎಂದು ಬಿಡಿಸಿ ನೋಡಬೇಕು. 2016ರ ಮಾರ್ಗಸೂಚಿಯಂತೆ ಮೂರು ತಿಂಗಳ ತರಬೇತಿ ಎಂದರೆ ಕನಿಷ್ಠ 576 ಗಂಟೆ. ಅದರಲ್ಲಿ 160 ಗಂಟೆ ವ್ಯವಹಾರ ಕೌಶಲ, ಇಂಗ್ಲಿಷ್ ಮತ್ತು ಕಂಪ್ಯೂಟರಿಗೆ ಮೀಸಲು. ಬೆಂಗಳೂರಿಗೆ ಹೊರಟ ಹುಡುಗಿ ಇಂಗ್ಲಿಷಿನಲ್ಲಿ ತನ್ನ ಹೆಸರು, ಊರು ಹೇಳಲು ಕಲಿಯುತ್ತಾಳೆ. ಅವಳು ಹೋಗುವ ಊರಿನ ಭಾಷೆ ಕಲಿಸಬೇಕೆಂಬ ಕಡ್ಡಾಯ ಅದರಲ್ಲಿಲ್ಲ.

ಇದು ಸಣ್ಣ ಕೊರತೆಯಲ್ಲ. ಲೈನಿನಲ್ಲಿ ಒಂದು ಅಂಗಿ ಹೇಗೆ ತಯಾರಾಗುತ್ತದೆಂದು ನೋಡಿದವರಿಗೆ ಇದು ಅರ್ಥವಾಗುತ್ತದೆ. ಇಡೀ ಅಂಗಿ ಹೊಲಿಯುವವರು ಅಲ್ಲಿ ಯಾರೂ ಇಲ್ಲ. ಒಬ್ಬಳು ಕಾಲರ್ ಕೂರಿಸುತ್ತಾಳೆ, ಒಬ್ಬಳು ಕಫ್, ಒಬ್ಬಳು ತೋಳು, ಮತ್ತೊಬ್ಬಳು ಪಕ್ಕದ ಹೊಲಿಗೆ. ಹಿಂದಿನವಳು ಕೊಟ್ಟ ಬಂಡಲ್ ಮುಗಿಸಿ ಮುಂದಿನವಳಿಗೆ ದಾಟಿಸಬೇಕು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಬೋರ್ಡಿನ ಮೇಲೆ ಬರೆದಿರುತ್ತದೆ. ಕಾಲರ್ ಬಳಿ ಬಟ್ಟೆ ಸುಕ್ಕು ಹಿಡಿಯುತ್ತಿದ್ದರೆ ಚೆಕ್ಕಿಂಗಿನವರು ಪೀಸನ್ನು ವಾಪಸು ಹಾಕುತ್ತಾರೆ. ಆಗ ಸೂಪರ್‌ವೈಸರ್ ಬಂದು "ದಾರ ಬಿಗಿಯಾಗಿದೆ, ಸಡಿಲ ಮಾಡ್ಕೊ" ಎನ್ನುತ್ತಾರೆ. ಈ ನಾಲ್ಕು ಮಾತು ಅರ್ಥವಾದವಳು ಮೆಷಿನ್ನಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಮುಂದಿನ ಪೀಸಿಗೆ ಹೋಗುತ್ತಾಳೆ. ಅರ್ಥವಾಗದವಳು ಅದೇ ತಪ್ಪನ್ನು ಹತ್ತು ಪೀಸಿನಲ್ಲಿ ಮಾಡಿ, ಹತ್ತನ್ನೂ ಬಿಚ್ಚಿ ಹೊಲಿದು, ಬೈಗುಳ ತಿಂದು, ಸಂಜೆ ಬಾತ್‌ರೂಮಿನಲ್ಲಿ ಅಳುತ್ತಾಳೆ. ಅವಳ ಕೈಯಲ್ಲಿ ಕಸುಬಿದೆ. ಕೊರತೆ ಇರುವುದು ಮಾತಿನಲ್ಲಿ. 'ಕಸುಬು ಸಾಲದು' ಎಂದು ಅವಳ ಹೆಸರಿನ ಮುಂದೆ ಬರೆಯುವ ಟಿಪ್ಪಣಿ ಅಲ್ಲಿಂದ ಹುಟ್ಟುತ್ತದೆ.

ಕೆಲಸದ ಕನ್ನಡ ದೊಡ್ಡದೇನಲ್ಲ. ದಾರ, ಸೂಜಿ, ಸುಕ್ಕು, ಅಳತೆ, ಉದ್ದ, ಗಿಡ್ಡ, ಬಿಚ್ಚು, ಜೋಡಿಸು, ರಜೆ, ಹೊಟ್ಟೆನೋವು, ಸಂಬಳದ ಚೀಟಿ, 'ನನಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ' ಎಂಬಂಥ ಇನ್ನೂರು ಮುನ್ನೂರು ಮಾತು. 160 ಗಂಟೆಯಲ್ಲಿ 40 ಗಂಟೆಯನ್ನು ಇದಕ್ಕೆ ಕೊಟ್ಟರೆ ಸಾಕೆಂಬುದು ನನ್ನ ಅಂದಾಜು. ಕನ್ನಡ ಕಲಿಸುವುದನ್ನು ಭಾಷಾಭಿಮಾನದ ವಿಷಯವಾಗಿ ಮಾತ್ರ ನೋಡುವ ರೂಢಿ ನಮ್ಮಲ್ಲಿದೆ. ಈ ಹುಡುಗಿಯರ ಮಟ್ಟಿಗೆ ಅದು ಆತ್ಮರಕ್ಷಣೆಯ ಸಾಧನ. ದೂರು ಕೊಡಲು, ಆಸ್ಪತ್ರೆಯಲ್ಲಿ ನೋವು ಹೇಳಿಕೊಳ್ಳಲು, ಪಕ್ಕದ ಮೆಷಿನ್ನಿನ ಅಕ್ಕನ ಜೊತೆ ಸ್ನೇಹ ಬೆಳೆಸಲು ಬೇಕಾದದ್ದು. ಮಾತು ಬಾರದಿರುವಾಗ ಸ್ಥಳೀಯ ಹೆಂಗಸರಿಗೂ ಹೊರಗಿನವರಿಗೂ ನಡುವೆ ಗೋಡೆ ಏಳುತ್ತದೆ. ಸಂಘ ಕಟ್ಟಲು ಹೊರಟವರ ಮುಂದಿರುವ ದೊಡ್ಡ ತೊಡಕು ಇದೇ.

ಇನ್ನು ಮಾಹಿತಿಯ ವಿಷಯ. ಭಾಸ್ಕರ್ ಚಕ್ರವರ್ತಿ, ವಿಜಿ ಅರುಳಂಪಳಂ, ಅಪೂರವ್ ಯಶ್ ಭಾಟಿಯಾ, ಕ್ಲೆಮೆಂಟ್ ಇಂಬೆರ್, ರೋಲಾಂ ರಾತೆಲೋ ಅವರು ಬಿಹಾರ ಮತ್ತು ಜಾರ್ಖಂಡ್‌ನಲ್ಲಿ ಇದೇ ಯೋಜನೆಯ ತರಬೇತಿ ತಂಡಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವು ತಂಡಗಳಿಗೆ ಮುಂದೆ ಸಿಗುವ ಕೆಲಸದ ಬಗ್ಗೆ ಎರಡು ಬಾರಿ ಕೂರಿಸಿ ವಿವರ ಕೊಟ್ಟರು: ಯಾವ ಊರು, ಎಷ್ಟು ಸಂಬಳ, ಎಂಥ ವಸತಿ. ಉಳಿದ ತಂಡಗಳಿಗೆ ಎಂದಿನ ತರಬೇತಿ ಮಾತ್ರ. ವಿವರ ಕೇಳಿದವರು ಕೊಡಿಸಿದ ಕೆಲಸದಲ್ಲಿ ಉಳಿಯುವ ಸಾಧ್ಯತೆ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮಾಹಿತಿ ಕೇಳಿ ಎಲ್ಲರೂ ಉತ್ಸಾಹಗೊಂಡರೆಂದು ಇದರ ಅರ್ಥವಲ್ಲ. ಅತಿ ಆಸೆ ಇಟ್ಟುಕೊಂಡಿದ್ದವರು ನಿಜಸಂಗತಿ ತಿಳಿದು ಮೊದಲೇ ಹಿಂದೆ ಸರಿದರು. ನಿಜ ಹೇಳಿದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಎರಡು ಬಾರಿಯ ಪ್ರಾಮಾಣಿಕ ಮಾತಿಗೆ ಇಷ್ಟು ಫಲವಿದ್ದರೂ ಅದು ಎಲ್ಲೆಡೆ ರೂಢಿಯಾಗಿಲ್ಲವೇಕೆ? ಕಾರಣ ಲೆಕ್ಕದ ಕ್ರಮದಲ್ಲಿದೆ ಎಂದು ನನಗನಿಸುತ್ತದೆ. ತರಬೇತಿ ಸಂಸ್ಥೆಗೆ ಸೀಟು ತುಂಬಬೇಕು, ಬ್ಯಾಚ್ ಮುಗಿಸಬೇಕು, ರೈಲು ಹತ್ತಿಸಬೇಕು. ಸಂಬಳದ ಮಾತು ಬಂದಾಗ ಕೈಗೆ ಸಿಗುವ ಹಣವನ್ನು ಹೇಳುವುದಿಲ್ಲ. ಪಿ.ಎಫ್., ಇ.ಎಸ್.ಐ., ಹಾಸ್ಟೆಲ್, ಊಟದ ಹಣ ಕಳೆಯುವ ಮೊದಲಿನ ಒಟ್ಟು ಮೊತ್ತ ಹೇಳುತ್ತಾರೆ. ಮೊದಲ ಸಂಬಳದ ಚೀಟಿ ಕೈಗೆ ಬಂದ ದಿನ ಹುಡುಗಿಗೆ 'ಮೋಸ ಹೋದೆ' ಅನಿಸುವುದು ಇಲ್ಲಿಂದಲೇ.

ಬೆಂಗಳೂರಿನದೇ ಇನ್ನೊಂದು ಅಧ್ಯಯನ ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಮ್ ನಗರದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೆಣ್ಣು ಕೆಲಸಗಾರರಿಗೆ ಕೊಟ್ಟ ವ್ಯವಹಾರ ಕೌಶಲ ತರಬೇತಿಯನ್ನು ಪರೀಕ್ಷಿಸಿದರು. ಮಾತಾಡುವುದು, ಸಮಯ ಹೊಂದಿಸುವುದು, ಹಣದ ಲೆಕ್ಕ, ಸಮಸ್ಯೆ ಬಗೆಹರಿಸುವುದು ಅದರಲ್ಲಿದ್ದ ವಿಷಯಗಳು. ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಹೋಲಿಕೆ ಗಟ್ಟಿಯಾಗಿದೆ. ತರಬೇತಿ ಮುಗಿದ ಮೇಲೆ ಆ ಹೆಂಗಸರ ಉತ್ಪಾದಕತೆ ಶೇ. 13.5ರಷ್ಟು ಹೆಚ್ಚಿತ್ತು. ತರಬೇತಿ ಮುಗಿದ ಎಂಟು ತಿಂಗಳ ಹೊತ್ತಿಗೆ ಕಾರ್ಖಾನೆಗೆ, ಹಾಕಿದ ಹಣದ ಮೇಲೆ ಶೇ. 256ರಷ್ಟು ನಿವ್ವಳ ಲಾಭ ಬಂತು. ಹೆಂಗಸರ ಕೂಲಿ ಹೆಚ್ಚಿದ್ದು ಶೇ. 0.5.

ಅರ್ಥಶಾಸ್ತ್ರಜ್ಞರು ಇದನ್ನು ಮಾರುಕಟ್ಟೆಯ ಘರ್ಷಣೆ ಎಂದು ಕರೆಯುತ್ತಾರೆ. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಬೆಳೆ ಬಂತು, ಪಾಲು ಬರಲಿಲ್ಲ. ತರಬೇತಿಯಿಂದ ಪ್ರಯೋಜನವಿಲ್ಲ ಎಂಬ ವಾದವನ್ನು ಈ ಅಧ್ಯಯನ ಸುಳ್ಳು ಮಾಡುತ್ತದೆ. ತರಬೇತಿ ಕೊಟ್ಟರೆ ಸಾಕು, ಹೆಣ್ಣುಮಕ್ಕಳ ಬದುಕು ತಾನಾಗಿ ಮೇಲೇಳುತ್ತದೆ ಎಂಬ ವಾದವನ್ನೂ ಸುಳ್ಳು ಮಾಡುತ್ತದೆ. ಹೆಲ್ಪರ್ ಆಗಿ ಸೇರಿದವಳು ಟೈಲರ್ ಆದಾಗ, ಟೈಲರ್ ಎರಡು ಮೂರು ಬಗೆಯ ಕೆಲಸ ಕಲಿತಾಗ ಸಂಬಳ ಎಷ್ಟು ಏರಬೇಕೆಂಬುದು ನೇಮಕದ ಕಾಗದದಲ್ಲೇ ಇರಬೇಕು. ಸರ್ಕಾರದ ಹಣದಲ್ಲಿ ತರಬೇತಾದ ಕೈಗಳನ್ನು ಪಡೆಯುವ ಕಾರ್ಖಾನೆಗೆ ಈ ಷರತ್ತು ವಿಧಿಸುವುದು ಅತಿಯಾದ ಬೇಡಿಕೆಯಲ್ಲ.

ಕೂಲಿಯ ವಿಷಯದಲ್ಲಿ ನಮ್ಮ ಇತ್ತೀಚಿನ ದಾಖಲೆ ಚೆನ್ನಾಗಿಲ್ಲ. 2020ರ ಏಪ್ರಿಲ್‌ನಿಂದ ಕೊಡಬೇಕಾಗಿದ್ದ ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆಯನ್ನು ರಾಜ್ಯದ ಅನೇಕ ಕಾರ್ಖಾನೆಗಳು ತಡೆಹಿಡಿದವು. ಸಂಘಗಳು ಹೈಕೋರ್ಟಿನ ಮೆಟ್ಟಿಲೇರಿ, ವಿದೇಶಿ ಬ್ರ್ಯಾಂಡ್‌ಗಳ ಮೇಲೂ ಒತ್ತಡ ಬಿದ್ದ ಮೇಲೆ 2022ರ ಹೊತ್ತಿಗೆ ಬಾಕಿ ಕೈಸೇರತೊಡಗಿತು. ಆ ನಡುವೆ ಕೆಲಸ ಬಿಟ್ಟು ಒಡಿಶಾಕ್ಕೋ ಜಾರ್ಖಂಡ್‌ಗೋ ಮರಳಿದ ಹುಡುಗಿಗೆ ಅವಳ ಪಾಲು ತಲುಪಬೇಕಾದರೆ ಯಾರಾದರೂ ಅವಳನ್ನು ಹುಡುಕಬೇಕು. ಹುಡುಕುವ ಹೊಣೆ ಯಾರದೆಂದು ಯಾವ ಯೋಜನೆಯಲ್ಲೂ ಬರೆದಿಲ್ಲ.

ಹಾಸ್ಟೆಲ್ಲಿನ ಬಗ್ಗೆ ಎರಡು ಮಾತು. ಮನೆಯವರು ಮಗಳನ್ನು ಕಳಿಸುವುದು ಹಾಸ್ಟೆಲ್ ಇದೆ ಎಂಬ ನಂಬಿಕೆಯ ಮೇಲೆಯೇ. ಅದಿಲ್ಲದಿದ್ದರೆ ಈ ವಲಸೆಯೇ ಇರುತ್ತಿರಲಿಲ್ಲ. ಆದರೆ 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಂಡಿಯಾ ಕಮಿಟಿ ಸ್ಥಳೀಯ ಸಂಘಟನೆಗಳ ಜೊತೆಗೂಡಿ ಪ್ರಕಟಿಸಿದ ವರದಿ ತೋರಿಸಿದ್ದು, ಕಾರ್ಖಾನೆ ನಡೆಸುವ ಹಾಸ್ಟೆಲ್ಲುಗಳಲ್ಲಿ ಹೆಣ್ಣುಮಕ್ಕಳ ಓಡಾಟಕ್ಕೆ ಬಿಗಿಯಾದ ಕಟ್ಟು ಇತ್ತು ಎಂಬುದನ್ನು. ನಾನು ಹೊರಗಿನಿಂದ ನೋಡಿದ ಒಂದು ಹಾಸ್ಟೆಲ್ಲಿನಲ್ಲಿ ಭಾನುವಾರ ಎರಡು ಗಂಟೆ ಹೊರಗೆ ಬಿಡುತ್ತಿದ್ದರು. ಗೇಟಿನಲ್ಲಿ ರಿಜಿಸ್ಟರು, ಅದರಲ್ಲಿ ಹೋದ ಹೊತ್ತು, ಬಂದ ಹೊತ್ತು. ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡಸರಿಗೆ ಇಂಥ ರಿಜಿಸ್ಟರಿರಲಿಲ್ಲ. ಹದಿನೆಂಟು ತುಂಬಿದ, ಮತ ಹಾಕುವ, ಸಂಬಳ ತರುವ ಹೆಣ್ಣಿಗೆ ಸುರಕ್ಷತೆಯ ಹೆಸರಿನಲ್ಲಿ ಬೀಗ ಹಾಕುವುದು ತಪ್ಪು. ಬೀಗದೊಳಗಿದ್ದವಳಿಗೆ ಪಕ್ಕದ ಕಾರ್ಖಾನೆಯಲ್ಲಿ ಐನೂರು ರೂಪಾಯಿ ಹೆಚ್ಚಿಗೆ ಕೊಡುತ್ತಾರೆಂಬುದೂ ತಿಳಿಯುವುದಿಲ್ಲ. ಮೇಲೆ ಹೇಳಿದ ಶೇ. 0.5ಕ್ಕೆ ಇಂಥ ಬೀಗಗಳ ಪಾಲೂ ಇದೆ ಎಂಬುದು ನನ್ನ ಊಹೆ.

ಕಾನೂನಿನಲ್ಲಿಯೂ ಸಂದುಗಳಿವೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರ ಮೂಲಕ ಬಂದವರಿಗಾಗಿ ಮಾಡಿದ್ದು. ತರಬೇತಿ ಕೇಂದ್ರದ ಮೂಲಕ ಬಂದು ಕಾರ್ಖಾನೆಯ ಹಾಜರಿ ಪುಸ್ತಕಕ್ಕೆ ನೇರ ಸೇರಿದ ಹುಡುಗಿ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಈ ವ್ಯಾಖ್ಯೆಯನ್ನು ಹಿಗ್ಗಿಸಿ, ಮಾಲೀಕರು ನೇರವಾಗಿ ಕರೆತಂದವರನ್ನೂ ತಾವಾಗಿ ಬಂದವರನ್ನೂ ಸೇರಿಸಿಕೊಂಡಿದೆ. ಊರಿಗೆ ಹೋಗಿಬರುವ ಪ್ರಯಾಣದ ಹಣವನ್ನೂ ಹೇಳಿದೆ. ಇದು ಒಳ್ಳೆಯ ಹೆಜ್ಜೆ. ಜಾರಿಗೆ ತರುವ ಕೈಗಳು ಬೇಕು.

ಪಿ.ಎಫ್. ವಿಷಯವನ್ನು ಬೆಂಗಳೂರು ಮರೆಯುವಂತಿಲ್ಲ. 58 ವರ್ಷ ತುಂಬುವವರೆಗೆ ಮಾಲೀಕರ ಪಾಲಿನ ಹಣ ತೆಗೆಯುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಕೇಂದ್ರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ ಹೆಂಗಸರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಎರಡನೇ ದಿನವೇ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಹೊರಗಿನವರಿಗೆ ಅದು ದಿಢೀರ್ ಸಿಟ್ಟಿನಂತೆ ಕಂಡಿತು. ಒಳಗಿನ ಲೆಕ್ಕ ಬೇರೆ. ಈ ಹೆಂಗಸರಿಗೆ ಪಿ.ಎಫ್. ಮುಪ್ಪಿನ ಹಣವಲ್ಲ, ಹೆರಿಗೆಯ, ಮಗಳ ಮದುವೆಯ, ಸಾಲ ತೀರಿಸುವ, ಕೆಲಸ ಬಿಟ್ಟ ಆರು ತಿಂಗಳು ಬದುಕುವ ಹಣ. ಹೊರರಾಜ್ಯದವಳಿಗೆ ಅದನ್ನು ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಆಧಾರ್‌ನಲ್ಲಿ ಒಂದು ಕಾಗುಣಿತ, ಪಿ.ಎಫ್. ದಾಖಲೆಯಲ್ಲಿ ಇನ್ನೊಂದು, ತಂದೆಯ ಹೆಸರು ಬ್ಯಾಂಕಿನಲ್ಲಿ ಮತ್ತೊಂದು. ಒಂದಕ್ಷರ ತಿದ್ದಿಸಲು ಊರಿನಿಂದ ಫೋನು ಮಾಡುತ್ತಾ ಕೂರಬೇಕು. ಸೇರಿದ ವಾರದಲ್ಲೇ ಎಲ್ಲ ಕಾಗದಗಳ ಹೆಸರು ಹೊಂದಿಸಿ ಕೊಡುವ ಕೆಲಸವನ್ನು ತರಬೇತಿಯ ಭಾಗವೆಂದೇ ಎಣಿಸಬೇಕು.

ಕೊರೊನಾ ಕಾಲದಲ್ಲಿ, ಮೇಲೆ ಹೇಳಿದ ಮಾಹಿತಿ ಪ್ರಯೋಗದ ಸಂಶೋಧಕರಲ್ಲಿ ಕೆಲವರು ಬಿಹಾರ, ಜಾರ್ಖಂಡ್‌ನ ಸುಮಾರು 2,000 ಮಂದಿ ತರಬೇತಿ ಪಡೆದವರನ್ನು ಮತ್ತೆ ಮತ್ತೆ ಮಾತಾಡಿಸಿದರು. ಸಂಬಳದ ಕೆಲಸದಲ್ಲಿದ್ದವರಲ್ಲಿ ಮೂರನೇ ಒಂದು ಭಾಗ ಕೆಲಸ ಕಳೆದುಕೊಂಡಿತ್ತು, ಹೊರರಾಜ್ಯದಲ್ಲಿದ್ದವರಲ್ಲಿ ಅರ್ಧದಷ್ಟು ಊರಿಗೆ ಮರಳಿದ್ದರು. ಆಮೇಲೆ ಗಂಡಸರು ಕೂಲಿಯೋ ನಾಲಿಯೋ ಹಿಡಿದರು. ಹೆಂಗಸರಲ್ಲಿ ಹೆಚ್ಚಿನವರು ದುಡಿಮೆಯಿಂದಲೇ ಹೊರಗುಳಿದರು. ಒಮ್ಮೆ ಮನೆಗೆ ಮರಳಿದ ಹುಡುಗಿ ಮತ್ತೆ ಹೊಸ್ತಿಲು ದಾಟುವುದು ಮೊದಲ ಸಲಕ್ಕಿಂತ ಕಷ್ಟ.

ಕೊನೆಗೆ, ಸ್ಥಳೀಯ ಬಡ ಹೆಂಗಸರನ್ನೂ ಇದೇ ಕಣ್ಣಿನಿಂದ ನೋಡಬೇಕು. ಬೆಂಗಳೂರಿನ ಕೊಳೆಗೇರಿಗಳ ದುಡಿಮೆಯನ್ನು ಸುದೀರ್ಘವಾಗಿ ಅಧ್ಯಯನ ಮಾಡಿದ ಸುಪ್ರಿಯಾ ರಾಯ್‌ಚೌಧರಿ 2021ರ ತಮ್ಮ ಪುಸ್ತಕದಲ್ಲಿ ಬರೆದಿರುವಂತೆ, ಹೊಸ ನಗರದ ಇಂಥ ಕೆಲಸಗಳು ಬಡವರನ್ನು ಮೇಲೆತ್ತಿದ್ದು ಕಡಿಮೆ. ಮೂರು ತಿಂಗಳ ವಸತಿ ತರಬೇತಿಗೆ ಎರಡು ವರ್ಷದ ಮಗುವಿನ ತಾಯಿ ಹೋಗಲಾರಳು. ಕಾರ್ಖಾನೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ತರಬೇತಿ ಕೇಂದ್ರದಲ್ಲಿ ಶಿಶುವಿಹಾರ ಬೇಕೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೀಗಾಗಿ ಮದುವೆಯಾಗದ ದೂರದ ಹುಡುಗಿ ಒಳಗೆ, ಮಗುವಿರುವ ಹತ್ತಿರದ ಹೆಂಗಸು ಹೊರಗೆ. ನಾಳೆ ಆ ಹುಡುಗಿಯೂ ತಾಯಿಯಾದಾಗ ಹೊರಗೇ ಉಳಿಯುತ್ತಾಳೆ. ಇವರಿಬ್ಬರನ್ನು ಎದುರಾಳಿಗಳೆಂದು ಬಿಂಬಿಸುವವರು ಈ ಸಂಗತಿಯನ್ನು ಬಿಟ್ಟು ಮಾತಾಡುತ್ತಾರೆ.

ಇಷ್ಟೆಲ್ಲ ಸರಿಪಡಿಸಲು ವರ್ಷಗಳು ಬೇಕಾಗಬಹುದು. ಬಸ್ಸಿನ ವಿಷಯಕ್ಕೆ ಅಷ್ಟು ಕಾಲ ಬೇಡ. ಹಾಸ್ಟೆಲ್ಲಿನಲ್ಲಿರುವವಳ ಹತ್ತಿರ ಬಾಡಿಗೆ ಕರಾರಿಲ್ಲ. ಆಧಾರ್ ವಿಳಾಸ ಬದಲಿಸಿದರೆ ಊರಿನ ಸವಲತ್ತು ಕೈತಪ್ಪೀತೆಂಬ ಭಯವೂ ಇದೆ. ಆದರೆ ಅವಳ ಬಳಿ ಕರ್ನಾಟಕದ ಕಾರ್ಖಾನೆಯೊಂದು ಕಂತು ಕಟ್ಟುತ್ತಿರುವ ಇ.ಎಸ್.ಐ. ಕಾರ್ಡ್ ಇದೆ. ಅವಳು ಈ ರಾಜ್ಯದಲ್ಲಿ ದುಡಿಯುತ್ತಿದ್ದಾಳೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶಕ್ತಿ ಯೋಜನೆಯ ಗುರುತಿನ ಚೀಟಿಗಳ ಪಟ್ಟಿಗೆ ಇ.ಎಸ್.ಐ. ಕಾರ್ಡನ್ನೂ ಸೇರಿಸಿ ಎಂದು ಸಾರಿಗೆ ಇಲಾಖೆಯನ್ನೂ ಕಾರ್ಮಿಕ ಇಲಾಖೆಯನ್ನೂ ಈ ಟಿಪ್ಪಣಿಯ ಮೂಲಕ ಕೇಳಿಕೊಳ್ಳುತ್ತೇನೆ.